ಟಾರ್ಚು ಹಿಡಿದವನ ಮಾತು

ಅಕ್ಕ ಪಿಹ್ಲಾ ಕಾರಿನಡಿ ತೂರಿಕೊಂಡಾಗ
ಹೊರಗುಳಿದದ್ದು ಬೂಟು ಎರಡು, ಬೈಗುಳ ನಾಲ್ಕು.
ಟಾರ್ಚು ಹಿಡಿಯುವುದು ನನ್ನ ಕೆಲಸ.
"ಇಲ್ಲಲ್ಲ, ಅಲ್ಲಿ. ಅಲ್ಲೂ ಅಲ್ಲ, ನಾನು ನೋಡುವಲ್ಲಿ."
ಅವಳು ನೋಡುವಲ್ಲಿ ಎಂದರೆ ಎಲ್ಲಿ ಎಂದು
ಬೂಟು ನೋಡಿ ನಾನು ಹೇಗೆ ತಿಳಿಯಲಿ?

ಏಪ್ರಿಲ್. ರೌಮಾದ ನಮ್ಮ ಅಂಗಳದಲ್ಲಿ
ಬೇಲಿಯ ನೆರಳಿಗೆ ಅಂಟಿಕೊಂಡ ಕೊಳಕು ಹಿಮ
ಇನ್ನೂ ಒಂದು ಮೊಳ.
ಜಾರದಿರಲೆಂದು ಚಳಿಗಾಲವಿಡೀ ಎರಚಿದ ಜಲ್ಲಿಯನ್ನು
ಯಾರೂ ಗುಡಿಸಿಲ್ಲ; ಅದು ರಟ್ಟು ತೂರಿ
ಅವಳ ಬೆನ್ನಿಗೆ ಚುಚ್ಚುತ್ತಿದೆ.
ಆ ರಟ್ಟು ಹೊಸ ಸೈಲೆನ್ಸರು ಬಂದ ಪೆಟ್ಟಿಗೆಯದೇ.
ಮೀನು ಕಾರ್ಖಾನೆಯ ಆರು ತಿಂಗಳ ರಾತ್ರಿಪಾಳಿ
ಅದರೊಳಗೆ ಹೊಳೆಯುತ್ತ ಮಲಗಿತ್ತು.

ಹಳೆಯ ವೋಲ್ವೊ, ನನಗಿಂತ ಏಳು ವರ್ಷ ದೊಡ್ಡದು.
ಇಪ್ಪತ್ತೊಂದು ಚಳಿಗಾಲ ರಸ್ತೆಯ ಉಪ್ಪು ತಿಂದ ಬೋಲ್ಟು.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು;
ನಾವು ಎಣ್ಣೆ ಕುಡಿಸಿದೆವು, ರಾತ್ರಿಯಿಡೀ.
ಬೆಳಿಗ್ಗೆ ಪಾನಾ ಹಾಕಿದರೆ
ಕಮಕ್ ಕಿಮಕ್ ಅನ್ನಲಿಲ್ಲ.
ಪಾನಾದ ಹಿಡಿಗೆ ಉದ್ದ ಪೈಪು ತೊಡಿಸಿ
ಕಾಲೊತ್ತಿ, ಅಕ್ಕ ಉಸಿರು ಬಿಗಿಹಿಡಿದಳು.
ಟಣ್.
ಒಂದು ಬಿಚ್ಚಿತು. ಇನ್ನೊಂದರ ತಲೆಯೇ ಹಾರಿ
ನನ್ನ ಕಾಲ ಬಳಿ ಬಿತ್ತು.
ಎತ್ತಿಕೊಂಡೆ. ಬೆಚ್ಚಗಿತ್ತು.

ಆಗ ಬಂದ ಓಯ್ವ ಅಜ್ಜ, ಅಮ್ಮನ ಚಿಕ್ಕಪ್ಪ.
ಹಡಗುಕಟ್ಟೆಯಲ್ಲಿ ಮೂವತ್ತನಾಲ್ಕು ವರ್ಷ
ಉಕ್ಕಿನ ಹೊಟ್ಟೆಯೊಳಗೆ ಕೂತು ಸುತ್ತಿಗೆ ಬಡಿದವನು.
ಕಿವಿ ಎರಡನ್ನೂ ಅಲ್ಲೇ ಬಿಟ್ಟು ಬಂದೆ,
ಯಾವುದೋ ಹಡಗಿನ ತಳದಲ್ಲಿ ಅವು
ಈಗಲೂ ಸಮುದ್ರ ಸುತ್ತುತ್ತಿವೆ, ಅನ್ನುತ್ತಾನೆ.
ಮೊದಲು ಕಾರಿನ ಕಬ್ಬಿಣದ ಊರುಗಾಲುಗಳನ್ನು
ಒಂದೊಂದಾಗಿ ಒದ್ದು ನೋಡಿದ.
ಆಮೇಲೆ ಗ್ರೈಂಡರು. ಕಿಡಿಯ ಮಳೆ.
ನಾವಿಬ್ಬರೂ ಕಿವಿ ಮುಚ್ಚಿಕೊಂಡೆವು.
ಅಜ್ಜ ಹಲ್ಲುಜ್ಜುವವನಷ್ಟು ನಿರಾಳ.

ಸೌನಾದ ಮರಿಗೆಯಿಂದ ಸಾಬೂನು ನೀರು ಕದ್ದು ತಂದು
ರಬ್ಬರಿನ ಕೊಂಡಿಗಳಿಗೆ ಸವರಿ
ಹೊಸ ಕೊಳವೆಯನ್ನು ನೇತುಹಾಕಿದ್ದಾಯಿತು.
ತಳದ ಕತ್ತಲಲ್ಲಿ ಅದೊಂದೇ ಬೆಳ್ಳಗೆ,
ಹರಕು ಅಂಗಿಗೆ ಹೊಸ ಗುಂಡಿ ಹಾಗೆ.

ಕೀಲಿ ತಿರುವಿದಳು.
ಡುಂ ಅಂದದ್ದು ಗುಡುಗುಡು ಅನ್ನುತ್ತ ನಿಂತಿತು.
ಬರ್ಚ್ ಮರದ ಕಾಗೆಗಳು ಎದ್ದವು.
ಎದುರುಮನೆಯ ಕ್ಯುಲ್ಲಿಕ್ಕಿ ಕಿಟಕಿ ಮುಚ್ಚಿದಳು,
ಮತ್ತೆ ತೆರೆದಳು, ಮುಚ್ಚಿದ್ದು ನಮಗೆ ಕಾಣಲೆಂದು
ಇನ್ನೊಮ್ಮೆ ಮುಚ್ಚಿದಳು.
ಹೊಸ ಲೋಹಕ್ಕೆ ಸವರಿದ ಎಣ್ಣೆ ಸುಟ್ಟು
ನೀಲಿ ಹೊಗೆ, ಕಮಟು ವಾಸನೆ. ಅಕ್ಕನ ನಗು
ನನಗೆ ಕಂಡಿತು, ಕೇಳಿಸಲಿಲ್ಲ.

ಅಜ್ಜ ಡಿಕ್ಕಿಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದ.
ಮೂರು ಬೆರಳು ತೋರಿಸಿದ:
ಹಿಂದಿನಿಂದ ಮೂರನೆಯ ಕೊಂಡಿ. ಎಲ್ಲೋ ತಾಗುತ್ತಿದೆ.
ಇಲ್ಲವೆಂದಳು ಅಕ್ಕ. ಬಗ್ಗಿ ಟಾರ್ಚು ಬಿಟ್ಟೆ.
ತಾಗುತ್ತಿತ್ತು. ಒಂದು ನಾಣ್ಯದಷ್ಟು ಜಾಗ ಬೇಕಿತ್ತು.

ಸರಿಪಡಿಸಿದ ಮೇಲೆ ಅವಳ ತುಟಿ ನೋಡುತ್ತ ಕೇಳಿದ:
"ಸದ್ದು ಹೇಗಿದೆ?"
ಅಕ್ಕ ತಡೆದಳು. ಅಷ್ಟು ಯೋಚಿಸಿದ್ದನ್ನು
ನಾನು ಪರೀಕ್ಷೆಯಲ್ಲೂ ನೋಡಿಲ್ಲ.
"ತಳದಲ್ಲಿ ದಪ್ಪ," ಅಂದಳು. "ಮೇಲೆ ಸ್ವಲ್ಪ ಒರಟು.
ನಡುವೆ ಏನೋ ಒಂದು, ಹೆಸರಿಲ್ಲ."
ಸಾರಿನ ಉಪ್ಪು ನೋಡಿದವನಂತೆ
ಅಜ್ಜ ತಲೆದೂಗಿದ.

ಜೂನಿನ ತಪಾಸಣೆಯಲ್ಲಿ ಪಾಸಾಗುತ್ತದೋ ಇಲ್ಲವೋ.
ಸಂಜೆ ಅವಳು ಬಂದರಿನ ಕಡೆ ಹೊರಟಳು.
ಅಜ್ಜ ಗೇಟಿನ ಕಂಬ ಹಿಡಿದು ನಿಂತ.
ತಿರುವಿನಾಚೆ ಸದ್ದು ಸಣ್ಣಗಾಗಿ
ನನಗೆ ಪೂರಾ ಕೇಳದಾದ ಮೇಲೂ
ಅವನು ಕಂಬದಿಂದ ಕೈ ತೆಗೆಯಲಿಲ್ಲ.

ಜೇಬಿನಲ್ಲಿ ತಡಕಿದರೆ ಆ ಮುರಿದ ತಲೆ,
ಜೊತೆಗೆ ಹೊಸ ನಟ್ಟು ಒಂದು.
ಅದು ಎಲ್ಲಿ ಇರಬೇಕಾಗಿದ್ದದ್ದೆಂದು
ನಾನು ಯಾರನ್ನೂ ಕೇಳಲಿಲ್ಲ.